ವೈಕಿಂಗರ ಪೇಟೆ: ತಿಪ್ಪೆಯಲ್ಲಿ ಸಿಕ್ಕ ಬದುಕು

ಕಳೆದ ಸಂಚಿಕೆಯಲ್ಲಿ ಹೆಡೆಬಿ ಎಂಬ ವೈಕಿಂಗ್ ಪೇಟೆಯ ಬಗ್ಗೆ ಅರ್ಧ ಪುಟ ಬರೆದಿದ್ದೆ. ವೈಕಿಂಗರು ಅಂದರೆ ಸಾವಿರ ವರ್ಷದ ಹಿಂದೆ ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಕಡೆ ಇದ್ದ ಜನ. ಈಗಿನ ಜರ್ಮನಿಯ ಉತ್ತರ ತುದಿಯಲ್ಲಿ, ಡೆನ್ಮಾರ್ಕ್ ಗಡಿಗೆ ಹತ್ತಿರ ಇದ್ದ ಊರು ಅದು. ಸುಮಾರು 800ರಿಂದ 1066ರವರೆಗೆ ಬಾಳಿತು. ಅದನ್ನು ಓದಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಿಂದಲೇ ಬೇಕಾದಷ್ಟು ಪ್ರಶ್ನೆಗಳು ಬಂದಿವೆ. ಒಂದೇ ತರಹದವನ್ನು ಸೇರಿಸಿ, ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ.

ಮೇಡಂ, ವೈಕಿಂಗ್ ಅಂದರೆ ಹಡಗಿನಲ್ಲಿ ಬಂದು ಲೂಟಿ ಮಾಡಿ ಹೋಗುವವರು ಅಂತ ನಾವು ಮಕ್ಕಳಿಗೆ ಹೇಳಿಕೊಂಡು ಬಂದಿದ್ದೇವೆ. ಅಂಥವರಿಗೆ ಪೇಟೆ ಯಾಕೆ ಬೇಕಿತ್ತು?
– ಶಿಕ್ಷಕರು, ಗೌರಿಬಿದನೂರು

ಲೂಟಿ ಮಾಡಿದ್ದು ನಿಜ ಸರ್. 793ರಲ್ಲಿ ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಮಠದ ಮೇಲೆ ಬಿದ್ದರಲ್ಲ, ಅಲ್ಲಿಂದಲೇ ವೈಕಿಂಗ್ ಕಾಲ ಶುರು ಅಂತ ಪುಸ್ತಕಗಳು ಹೇಳುತ್ತವೆ. ಆದರೆ ಡೆನ್ಮಾರ್ಕಿನ ರೀಬೆ ಎಂಬಲ್ಲಿ 700ರ ಆಸುಪಾಸಿಗೇ ಮಾರುಕಟ್ಟೆ ಶುರುವಾಗಿತ್ತು. ನೆಲವನ್ನು ಅಳತೆ ಪ್ರಕಾರ ಸೈಟುಗಳಾಗಿ ಹಂಚಿ, ಗಾಜಿನ ಮಣಿ ಮಾಡುವವರು, ಕಂಚು ಎರಕ ಹೊಯ್ಯುವವರು, ಬಾಚಣಿಗೆ ಮಾಡುವವರು ಅಲ್ಲಿ ಕೂತಿದ್ದರು. ಅಂದರೆ ಆ ದಾಳಿಗಿಂತ ಎರಡು ಮೂರು ತಲೆಮಾರು ಮೊದಲೇ ವ್ಯಾಪಾರ ಇತ್ತು. ಜನರಲ್ಲಿ ಬಹುಪಾಲು ರೈತರು. ಊರಲ್ಲಿ ಕೂತು ಕಸುಬು ಮಾಡುತ್ತಿದ್ದವರು ಕಮ್ಮಿ, ಆದರೆ ನಮಗೆ ಅವರ ಬದುಕೇ ಜಾಸ್ತಿ ವಿವರವಾಗಿ ಸಿಕ್ಕಿದೆ.

ಹೆಡೆಬಿಯ ಕಥೆಗೆ ಒಂದು ಇಸವಿಯೇ ಇದೆ. 808ರಲ್ಲಿ ಡೇನರ, ಅಂದರೆ ಡೆನ್ಮಾರ್ಕಿನವರ, ರಾಜ ಗಾಡ್‌ಫ್ರೆಡ್, ರೆರಿಕ್ ಎಂಬ, ಪೂರ್ವ ಯುರೋಪಿನ ಸ್ಲಾವ್ ಜನರ ಬಂದರನ್ನು ಹಾಳು ಮಾಡಿ, ಅಲ್ಲಿನ ವರ್ತಕರನ್ನು ಎಬ್ಬಿಸಿ ತನ್ನ ಕಡೆಗೆ ಕರೆದುಕೊಂಡು ಬಂದ ಅಂತ ಈಗಿನ ಫ್ರಾನ್ಸ್, ಜರ್ಮನಿ ಕಡೆ ಆಳುತ್ತಿದ್ದ ಫ್ರಾಂಕ್ ರಾಜರ ದಾಖಲೆಯಲ್ಲಿದೆ. ಅವನಿಗೆ ಸುಂಕ ಬೇಕಿತ್ತು. ಜಾಗ ನೋಡಿ ಆರಿಸಿದ್ದಾನೆ. ಒಂದು ಕಡೆ ಬಾಲ್ಟಿಕ್ ಸಮುದ್ರ ಉದ್ದಕ್ಕೆ ಒಳಗೆ ಚಾಚಿದೆ, ಇನ್ನೊಂದು ಕಡೆ ನದಿ ಹಿಡಿದು ಹೋದರೆ ಉತ್ತರ ಸಮುದ್ರ. ನಡುವೆ ಸರಕು ಇಳಿಸಿ ನೆಲದ ಮೇಲೆ ಸಾಗಿಸಬೇಕಾದ್ದು ಹದಿನೈದು, ಇಪ್ಪತ್ತು ಕಿಲೋಮೀಟರ್ ಅಷ್ಟೇ. ಡೆನ್ಮಾರ್ಕನ್ನು ಸುತ್ತಿಕೊಂಡು ಬಿರುಗಾಳಿಯ ಸಮುದ್ರದಲ್ಲಿ ಹೋಗುವ ಕಷ್ಟ ತಪ್ಪಿತು. 890ರ ಸುಮಾರಿಗೆ ಒತ್ತಾರ್ ಎಂಬ ನಾರ್ವೆಯವನು ಇಂಗ್ಲೆಂಡಿನ ರಾಜ ಆಲ್‌ಫ್ರೆಡ್ ಮುಂದೆ ತನ್ನ ಪ್ರಯಾಣ ಹೇಳಿಕೊಂಡಿದ್ದಾನೆ. ದಕ್ಷಿಣ ನಾರ್ವೆಯ ಬಂದರಿನಿಂದ ಹೆಡೆಬಿಗೆ ಐದು ದಿನದ ದಾರಿ ಅಂತ ಅವನ ಲೆಕ್ಕ. ಮಕ್ಕಳಿಗೆ ಪಾಠ ಮಾಡುವಾಗ ಲಿಂಡಿಸ್‌ಫಾರ್ನ್ ಜೊತೆ ಈ ಐದು ದಿನದ ದಾರಿಯನ್ನೂ ಹೇಳಿ ಸರ್, ಚಿತ್ರ ಪೂರ್ತಿಯಾಗುತ್ತದೆ.

ಅದೇ ಕಾಲದಲ್ಲಿ ನಮ್ಮ ಕಡೆ ಏನಿತ್ತು?
– ಓದುಗರು, ನಂದಿ

ನಿಮ್ಮ ಊರಿನ ಭೋಗನಂದೀಶ್ವರ ದೇವಸ್ಥಾನವೇ ಇತ್ತಲ್ಲ! ರಾಷ್ಟ್ರಕೂಟರ ಮುಮ್ಮಡಿ ಗೋವಿಂದನ ಕಾಲದ, ಸುಮಾರು 806ರ ಶಾಸನದಲ್ಲಿ ಅದರ ಪ್ರಸ್ತಾಪ ಬರುತ್ತದೆ. ಗಾಡ್‌ಫ್ರೆಡ್ ವರ್ತಕರನ್ನು ಎಬ್ಬಿಸಿಕೊಂಡು ಹೋದದ್ದು ಅದಾದ ಎರಡೇ ವರ್ಷಕ್ಕೆ. ಮುಂದಿನ ಸಲ ಗರ್ಭಗುಡಿ ಮುಂದೆ ನಿಂತಾಗ ಆ ಎರಡು ಇಸವಿ ಜ್ಞಾಪಕ ಮಾಡಿಕೊಳ್ಳಿ. ಇಲ್ಲಿ ಕಲ್ಲಲ್ಲಿ ಕಟ್ಟಿದರು, ಉಳಿಯಿತು. ಅಲ್ಲಿ ಎಲ್ಲ ಮರ, ಬಿದಿರಿನ ತಡಿಕೆ ತರಹ ಹೆಣೆದ ಕಡ್ಡಿಯ ಗೋಡೆ, ಅದಕ್ಕೆ ಮೆತ್ತಿದ ಮಣ್ಣು, ಮೇಲೆ ಜೊಂಡಿನ ಹೊದಿಕೆ. ನೀರು ನಿಂತ ಕೆಸರಲ್ಲಿ ಹೂತುಹೋದದ್ದು ಮಾತ್ರ ಉಳಿಯಿತು.

ಅವರು ದಿನಾ ಏನು ತಿನ್ನುತ್ತಿದ್ದರು? ಬರೀ ಮಾಂಸ ಸುಟ್ಟುಕೊಂಡು ತಿನ್ನುತ್ತಿದ್ದರು ಅಂತ ಸೀರಿಯಲ್‌ಗಳಲ್ಲಿ ತೋರಿಸುತ್ತಾರೆ. ನಾವು ಟೊಮೆಟೊ ಬೆಳೆಯುವವರು, ಟೊಮೆಟೊ ಇಲ್ಲದ ಅಡುಗೆ ನಮಗೆ ಊಹೆಗೇ ಬರುವುದಿಲ್ಲ!
– ರೈತ ಮಹಿಳೆ, ಚಿಂತಾಮಣಿ

ಅಕ್ಕಾ, ಆ ಕಾಲಕ್ಕೆ ಚಿಂತಾಮಣಿ ಕಡೆಯೂ ಟೊಮೆಟೊ ಇರಲಿಲ್ಲ, ಹಸಿಮೆಣಸಿನಕಾಯಿ ಇರಲಿಲ್ಲ, ಆಲೂಗಡ್ಡೆಯೂ ಇರಲಿಲ್ಲ. ಮೂರೂ ಅಮೆರಿಕ ಖಂಡದವು. ಪೋರ್ಚುಗೀಸರು ಬಂದ ಮೇಲೆ ನಮಗೆ ಸಿಕ್ಕಿದ್ದು.

ಹೆಡೆಬಿಯವರ ಮುಖ್ಯ ಊಟ ಜವೆಗೋಧಿಯ ಗಂಜಿ, ರೈ ಧಾನ್ಯದ ರೊಟ್ಟಿ, ಮೀನು. ಸುಮಾರು 965ರಲ್ಲಿ ಸ್ಪೇನಿನಿಂದ ಅಲ್ಲಿಗೆ ಬಂದ ಅಲ್-ತರ್ತೂಶಿ ಎಂಬ ಅರಬ್ಬಿ ಪ್ರವಾಸಿ, ಊರು ದೊಡ್ಡದು, ಕುಡಿಯುವ ನೀರಿನ ಬಾವಿಗಳಿವೆ, ಆದರೆ ಬಡ ಊರು, ಮೀನು ಹೇರಳವಾಗಿರುವುದರಿಂದ ಅದನ್ನೇ ತಿನ್ನುತ್ತಾರೆ ಅಂತ ಬರೆದ. ಹಂದಿ, ದನದ ಮೂಳೆ ಕೂಡ ರಾಶಿ ರಾಶಿ ಸಿಕ್ಕಿದೆ. ಬಟಾಣಿ, ಈರುಳ್ಳಿ, ಹೇಜಲ್ ಕಾಯಿ, ಪ್ಲಮ್ ಹಣ್ಣು ಇತ್ತು. ಸಿಹಿಗೆ ಜೇನುತುಪ್ಪ. ಕುಡಿಯಲು ಜವೆಗೋಧಿಯ ಬಿಯರು, ಜೇನು ಹುಳಿಸಿದ ಮದ್ಯ.

ಮೀನಿನಲ್ಲಿ ಒಂದು ವಿಶೇಷ ಇದೆ. ಅಲ್ಲಿ ಸಿಕ್ಕ, ಕಾಡ್ ಎಂಬ ಸಮುದ್ರದ ಮೀನಿನ ಮೂಳೆಯ ಡಿಎನ್ಎ ತೆಗೆದು ನೋಡಿದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಕೆಲವು ಮೀನು ಉತ್ತರ ನಾರ್ವೆಯ ತುತ್ತತುದಿಯ ಸಮುದ್ರದವು. ಅಲ್ಲಿ ಚಳಿಗಾಳಿಗೆ ಕಟ್ಟಿ ಒಣಗಿಸಿದರೆ ಉಪ್ಪೂ ಬೇಡ, ವರ್ಷಗಟ್ಟಲೆ ಕೆಡುವುದಿಲ್ಲ. ಅಷ್ಟು ದೂರದಿಂದ ಒಣಮೀನು ಹಡಗಿನಲ್ಲಿ ಬರುತ್ತಿತ್ತು.

ಇನ್ನು ಹಿಟ್ಟು. ನಿಮ್ಮ ಅಜ್ಜಿ ಮನೆಯಲ್ಲಿ ರಾಗಿ ಬೀಸುತ್ತಿದ್ದ ಕಲ್ಲು ಇದೆಯಲ್ಲ, ಎರಡು ಬಿಲ್ಲೆ, ಮೇಲಿನದಕ್ಕೆ ತೂತು, ತಿರುಗಿಸಲು ಗೂಟ, ಹೆಚ್ಚುಕಮ್ಮಿ ಅಂಥದ್ದೇ ಅವರ ಮನೆಗಳಲ್ಲೂ ಇತ್ತು. ಆದರೆ ಒಳ್ಳೆ ಬೀಸುಕಲ್ಲು ಹತ್ತಿರದಲ್ಲಿ ಸಿಗುತ್ತಿರಲಿಲ್ಲ. ರೈನ್ ನದಿ ಕಡೆಯ ಮಾಯೆನ್ ಎಂಬಲ್ಲಿನ ಜ್ವಾಲಾಮುಖಿ ಕಲ್ಲಿಗೇ ಬೇಡಿಕೆ. ಸಣ್ಣ ಸಣ್ಣ ತೂತುಗಳಿರುವ ಕಲ್ಲು, ಸವೆದರೂ ಮೈ ಒರಟಾಗಿಯೇ ಇರುತ್ತದೆ. ಅರ್ಧ ಕೆತ್ತಿದ ಬಿಲ್ಲೆಗಳನ್ನು ಹಡಗಿನಲ್ಲಿ ತಂದು ಹೆಡೆಬಿಯಲ್ಲೇ ಪೂರ್ತಿ ಮಾಡಿ ಮಾರುತ್ತಿದ್ದರು. ಬೀಸುವ ಕೆಲಸ ದಿನಾ ಬೆಳಗ್ಗೆ ಯಾರ ಪಾಲಿಗಿತ್ತು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮದು ಮೂರು ತಲೆಮಾರಿನಿಂದ ರೀಲಿಂಗ್ ಕಸುಬು. ವೈಕಿಂಗರಿಗೆ ರೇಷ್ಮೆ ಗೊತ್ತಿತ್ತಾ? ಅಷ್ಟು ಚಳಿಯಲ್ಲಿ ಹಿಪ್ಪುನೇರಳೆ ಬೆಳೆಯುವುದಿಲ್ಲ ಅಲ್ವಾ?
– ರೀಲರ್, ಶಿಡ್ಲಘಟ್ಟ

ಈ ಪ್ರಶ್ನೆ ಬಂದದ್ದಕ್ಕೆ ನನಗೆ ತುಂಬಾ ಖುಷಿಯಾಯಿತು. ಗೂಡಿನ ಮಾರುಕಟ್ಟೆ ನೋಡಿ ಬೆಳೆದವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಇದು.

ರೇಷ್ಮೆ ಚೆನ್ನಾಗಿಯೇ ಗೊತ್ತಿತ್ತು. ಬೆಳೆಯುತ್ತಿರಲಿಲ್ಲ, ಕೊಳ್ಳುತ್ತಿದ್ದರು. ಸ್ವೀಡನ್ನಿನ ಒಂದು ದ್ವೀಪದಲ್ಲಿ ಬಿರ್ಕಾ ಎಂಬ ಪೇಟೆ ಇತ್ತು, ಸುಮಾರು 750ರಿಂದ 975ರವರೆಗೆ. 1870ರ ದಶಕದಿಂದ ಯಾಲ್ಮಾರ್ ಸ್ಟೋಲ್ಪೆ ಎಂಬವರು ಅಲ್ಲಿ ಸಾವಿರಕ್ಕೂ ಜಾಸ್ತಿ ಸಮಾಧಿಗಳನ್ನು ಅಗೆಸಿದರು. ಉಣ್ಣೆ, ನಾರುಬಟ್ಟೆಯ ತುಂಡುಗಳ ಜೊತೆ ರೇಷ್ಮೆಯೂ ಸಿಕ್ಕಿತು. ನಾರ್ವೆಯ ಓಸೆಬೆರಿಯಲ್ಲಿ 834ರಲ್ಲಿ ಇಬ್ಬರು ಹೆಂಗಸರನ್ನು ಇಡೀ ಹಡಗಿನ ಸಮೇತ ಹೂಳಿದ್ದರು. ಅದರಲ್ಲೂ ರೇಷ್ಮೆಯ ತುಂಡುಗಳಿವೆ. ಇಂಗ್ಲೆಂಡಿನ ಯಾರ್ಕ್ ಆಗ ವೈಕಿಂಗರ ಕೈಯಲ್ಲಿತ್ತು. ಅಲ್ಲಿ ಒಂದು ರೇಷ್ಮೆ ಟೋಪಿ ಸಿಕ್ಕಿದೆ, ಹೊಲಿಗೆ ಕೂಡ ಹಾಗೇ ಇದೆ.

ಆದರೆ ಇಡೀ ಸೀರೆಯಷ್ಟು ರೇಷ್ಮೆ ಅಂತ ತಿಳಿಯಬೇಡಿ. ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ ಉಣ್ಣೆ ಅಂಗಿಯ ಕುತ್ತಿಗೆಗೆ, ತೋಳಿಗೆ, ಅಂಚಿಗೆ ಹೊಲಿದುಕೊಳ್ಳುತ್ತಿದ್ದರು. ರೇಷ್ಮೆ ನೂಲಿನ ಜೊತೆ ಬೆಳ್ಳಿ ತಂತಿ ಸೇರಿಸಿ ಸಣ್ಣ ಹಲಗೆಗಳ ಸಹಾಯದಿಂದ ಪಟ್ಟಿ ನೇಯುವುದೂ ಇತ್ತು. ಬಹುಪಾಲು ಮಾಲು ಈಗಿನ ಇಸ್ತಾಂಬುಲ್, ಆಗಿನ ಕಾನ್‌ಸ್ಟಾಂಟಿನೋಪಲ್ ಕಡೆಯದು, ಪರ್ಷಿಯಾ ಮತ್ತು ಮಧ್ಯ ಏಷ್ಯಾದ್ದೂ ಇತ್ತು. ಕಾನ್‌ಸ್ಟಾಂಟಿನೋಪಲ್‌ನವರು ತಮ್ಮ ರೇಷ್ಮೆಯನ್ನು ಸುಮ್ನೆ ಬಿಡುತ್ತಿರಲಿಲ್ಲ. 10ನೇ ಶತಮಾನದ ನಡುವೆ ರೂಸ್ ವರ್ತಕರ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ, ಒಬ್ಬೊಬ್ಬ 50 ಚಿನ್ನದ ನಾಣ್ಯದ ಬೆಲೆಗಿಂತ ಜಾಸ್ತಿ ರೇಷ್ಮೆ ಕೊಳ್ಳಬಾರದು ಅಂತ ಷರತ್ತು ಹಾಕಿದ್ದಾರೆ. ಈ ರೂಸ್ ಅಂದರೆ ಸ್ವೀಡನ್ ಕಡೆಯಿಂದ ನದಿ ಹಿಡಿದು ಈಗಿನ ರಷ್ಯಾ, ಉಕ್ರೇನಿಗೆ ಇಳಿದವರು ಮತ್ತು ಅವರ ಮಕ್ಕಳು ಮರಿ.

ಮಾಲು ಎಲ್ಲಿಯದು ಅಂತ ಹೇಗೆ ಗೊತ್ತಾಗುತ್ತದೆ ಅಂದರೆ, ನಿಮ್ಮ ಕಸುಬಿನ ಕಣ್ಣಿಂದಲೇ. ತುಂಡನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಹಾಸಿನ ನೂಲಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಎಳೆದ ನೂಲಿಗೆ, ಹುರಿ ಇದೆಯಾ ಅಂತ ನೋಡುತ್ತಾರೆ. ಆ ನೂಲಿಗೆ ಬಿಗಿ ಹುರಿ ಇದ್ದರೆ ಕಾನ್‌ಸ್ಟಾಂಟಿನೋಪಲ್ ಅಥವಾ ಪರ್ಷಿಯಾ, ಮಧ್ಯ ಏಷ್ಯಾದ ಕಡೆಯ ಬಟ್ಟೆ. ಹುರಿ ಕಾಣದಿದ್ದರೆ ಚೀನಾದ ಕಡೆಯದಿರಬಹುದು ಎಂಬ ಸುಳಿವು. ಸಾವಿರ ವರ್ಷ ಮಣ್ಣಲ್ಲಿದ್ದು ಬಣ್ಣ ಹೆಚ್ಚಾಗಿ ಮಾಸಿರುತ್ತದೆ, ಹುರಿ ಮಾತ್ರ ಹಾಗೇ ಇರುತ್ತದೆ.

ನಮ್ಮದು ಬೆಳ್ಳಿ ಅಂಗಡಿ. ಅವರ ವ್ಯಾಪಾರ ನಾಣ್ಯದಲ್ಲಿತ್ತಾ, ತೂಕದಲ್ಲಿತ್ತಾ?
– ವ್ಯಾಪಾರಿ, ಚಿಕ್ಕಬಳ್ಳಾಪುರ

ಹೆಚ್ಚಾಗಿ ತೂಕದಲ್ಲಿ. ನಾಣ್ಯ ಬಂದರೂ ಅದರ ಮೇಲೆ ಯಾವ ರಾಜನ ಹೆಸರಿದೆ ಅಂತ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬಾಗ್ದಾದ್, ಸಮರ್‌ಕಂದ್, ತಾಷ್ಕೆಂಟಿನಲ್ಲಿ ಅಚ್ಚಾದ ದಿರ್‌ಹಮ್ ಎಂಬ ಬೆಳ್ಳಿ ನಾಣ್ಯ, ಒಂದೊಂದು ಮೂರು ಗ್ರಾಂ ಆಸುಪಾಸು, ರಷ್ಯಾದ ನದಿಗಳ ಮೇಲೆ ಸಾವಿರಗಟ್ಟಲೆ ಉತ್ತರಕ್ಕೆ ಬಂತು. ಬೇಕಾದಷ್ಟಕ್ಕೆ ಕತ್ತರಿಸಿ ಕೊಡುತ್ತಿದ್ದರು. ಬಳೆಯನ್ನೂ ಅಷ್ಟೇ, ಅರ್ಧ ಕಡಿದು ತಕ್ಕಡಿಗೆ ಹಾಕುವುದು. 1999ರಲ್ಲಿ ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದ ಒಂದು ಹೊಲದಲ್ಲಿ ಸುಮಾರು 67 ಕಿಲೋ ಬೆಳ್ಳಿ ಸಿಕ್ಕಿತು, ಅದರಲ್ಲಿ ನಾಣ್ಯವೇ ಹದಿನಾಲ್ಕು ಸಾವಿರಕ್ಕಿಂತ ಜಾಸ್ತಿ, ಬಹುಪಾಲು ಇಂಥ ಅರಬ್ಬಿ ನಾಣ್ಯ.

ನಿಮಗೆ ಇಷ್ಟವಾಗುವ ವಿಷಯ ಪರೀಕ್ಷೆ ಮಾಡುವ ರೀತಿ. ನಾಣ್ಯದ ಮೈಮೇಲೆ ಚಾಕುವಿನ ತುದಿಯಿಂದ ಸಣ್ಣ ಗಾಯ ಮಾಡುತ್ತಿದ್ದರು. ಮೇಲೆ ಬೆಳ್ಳಿ ಲೇಪ, ಒಳಗೆ ತಾಮ್ರವೋ ಸೀಸವೋ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಬಗ್ಗಿಸಿಯೂ ನೋಡುತ್ತಿದ್ದರು. ಕೈಯಿಂದ ಕೈಗೆ ಹೋದ ನಾಣ್ಯದಲ್ಲಿ ಇಂಥ ಗಾಯ ಹತ್ತಾರು ಇರುತ್ತವೆ. ಒರೆಗಲ್ಲು ಕೂಡ ಸಮಾಧಿಗಳಲ್ಲಿ ಸಿಕ್ಕಿದೆ.

ತಕ್ಕಡಿ ಮಡಚುವಂಥದ್ದು. ಎರಡು ತಟ್ಟೆಯೊಳಗೆ ಕಡ್ಡಿ ಮಡಚಿ ಇಟ್ಟು ಸಣ್ಣ ಡಬ್ಬಿಯಲ್ಲಿ ಸೊಂಟಕ್ಕೆ ಕಟ್ಟಿಕೊಂಡು ಹೋಗಬಹುದು. ತೂಕದ ಬಟ್ಟಿನಲ್ಲಿ ಅವರ ಜಾಣತನ ನೋಡಿ. 870ರ ನಂತರ ಬಳಕೆಗೆ ಬಂದ ಒಂದು ಜಾತಿಯ ಬಟ್ಟು ಗುಂಡಗೆ ಇರುತ್ತದೆ, ಮೇಲೆ ಕೆಳಗೆ ಮಾತ್ರ ಚಪ್ಪಟೆ, ಅದರ ಮೇಲೆ ಚುಕ್ಕಿಗಳು. ಒಳಗಿನ ಗಟ್ಟಿ ಕಬ್ಬಿಣ, ಹೊರಗಿನ ತೊಗಟೆ ಕಂಚು. ಯಾರಾದರೂ ಅರ ಹಾಕಿ ತೂಕ ಇಳಿಸಲು ನೋಡಿದರೆ ಕಂಚು ಕಿತ್ತು ಕಬ್ಬಿಣ ಕಂಡುಬಿಡುತ್ತದೆ. ಬೇರೆ ಬೇರೆ ಭಾಷೆಯ, ಬೇರೆ ಬೇರೆ ದೇವರ, ಒಬ್ಬರನ್ನೊಬ್ಬರು ಹಿಂದೆ ನೋಡಿರದ ಜನ ಒಂದು ದಡದಲ್ಲಿ ಕೂತು ವ್ಯವಹಾರ ಮಾಡಬೇಕಾದರೆ ಇಂಥ ಬಟ್ಟು ಬೇಕೇ ಬೇಕು. ಖಡ್ಗಕ್ಕಿಂತ ಈ ಪುಟ್ಟ ಬಟ್ಟು ನನಗೆ ಆ ಪೇಟೆಯ ಬಗ್ಗೆ ಜಾಸ್ತಿ ಹೇಳುತ್ತದೆ.

ಅಷ್ಟು ಬೆಳ್ಳಿ ಬರಲು ಅವರು ಏನು ಮಾರುತ್ತಿದ್ದರು? ಕಂಬಳಿ, ಮೀನಿಗೆ ಬಾಗ್ದಾದಿನ ಬೆಳ್ಳಿ ಬರುತ್ತದೆಯೇ?
– ನಿವೃತ್ತ ಬ್ಯಾಂಕ್ ನೌಕರರು, ಬಾಗೇಪಲ್ಲಿ

ತುಪ್ಪುಳದ ಚರ್ಮ ಮಾರುತ್ತಿದ್ದರು. ಅಂಬರ್ ಎಂಬ ಕಲ್ಲಿನಂತೆ ಗಟ್ಟಿಯಾದ ಮರದ ಅಂಟು, ಜೇನುಮೇಣ, ವಾಲ್ರಸ್ ಎಂಬ ಸಮುದ್ರ ಪ್ರಾಣಿಯ ದಂತ, ಖಡ್ಗ. ಮತ್ತೆ ಮನುಷ್ಯರನ್ನು.

ಇದನ್ನು ನಾನು ಕಳೆದ ಸಲದ ಅರ್ಧ ಪುಟದಲ್ಲಿ ಬರೆದಿರಲಿಲ್ಲ, ಜಾಗ ಇರಲಿಲ್ಲ. ನೀವು ಕೇಳಿದ್ದು ಒಳ್ಳೆಯದಾಯಿತು. ಗುಲಾಮರ ವ್ಯಾಪಾರ ಈ ಪೇಟೆಗಳ ದೊಡ್ಡ ಆದಾಯ. ಐರ್ಲೆಂಡಿನಲ್ಲಿ, ಸ್ಲಾವ್ ಜನರ ಹಳ್ಳಿಗಳಲ್ಲಿ, ಫ್ರಾಂಕರ ನಾಡಿನಲ್ಲಿ ಹಿಡಿದ ಜನರನ್ನು ಇಲ್ಲಿ ತಂದು ಮಾರುತ್ತಿದ್ದರು. ಹೆಡೆಬಿಯಲ್ಲೂ ಬಿರ್ಕಾದಲ್ಲೂ ಕಬ್ಬಿಣದ ಬೇಡಿಗಳು ಸಿಕ್ಕಿವೆ.

ರಿಂಬರ್ಟ್ ಎಂಬ ಕ್ರೈಸ್ತ ಧರ್ಮಗುರು 865ರಿಂದ 888ರವರೆಗೆ ಆ ಭಾಗದ ಆರ್ಚ್‌ಬಿಷಪ್ ಆಗಿದ್ದ. ಅವನ ಜೀವನಚರಿತ್ರೆಯಲ್ಲಿ ಒಂದು ಘಟನೆ ಇದೆ. ಆತ ಹೆಡೆಬಿ ಕಡೆಗೆ ಬಂದಾಗ ಸರಪಳಿ ಹಾಕಿದ ಸೆರೆಯಾಳುಗಳ ಸಾಲು ಎದುರಾಯಿತು. ಅದರಲ್ಲಿ ಒಬ್ಬ ಹೆಂಗಸು ದೂರದಿಂದಲೇ ಮಂಡಿಯೂರಿ, ತಾನು ಸನ್ಯಾಸಿನಿ ಅಂತ ಗೊತ್ತಾಗಲಿ ಎಂದು ಜೋರಾಗಿ ಪ್ರಾರ್ಥನೆಯ ಹಾಡು ಹಾಡತೊಡಗಿದಳು. ರಿಂಬರ್ಟ್ ಬಿಡಿಸಿಕೊಳ್ಳಲು ಮುಂದಾದ. ಏನೇನೋ ಕೊಡುತ್ತೇನೆ ಅಂದ. ಅವಳನ್ನು ಹಿಡಿದವರು ಯಾವುದಕ್ಕೂ ಒಪ್ಪಲಿಲ್ಲ, ಆತ ಕೂತಿದ್ದ ಕುದುರೆಯೇ ಬೇಕು ಅಂದರು. ಇಳಿದು ಜೀನಿನ ಸಮೇತ ಕೊಟ್ಟ. ಅವಳು ಬಿಡುಗಡೆಯಾದಳು. ಸಾಲಿನಲ್ಲಿ ಉಳಿದವರ ಬಗ್ಗೆ ಆ ಚರಿತ್ರೆ ಮುಂದೆ ಏನೂ ಹೇಳುವುದಿಲ್ಲ.

ನನಗೆ ಈ ಜನರ ಬಾಚಣಿಗೆ, ಬಟ್ಟು, ನೇಯ್ಗೆ ಎಲ್ಲ ಇಷ್ಟ. ಆದರೆ ಆ ತಕ್ಕಡಿಗೆ ಬಿದ್ದ ಬೆಳ್ಳಿಯಲ್ಲಿ ಒಂದು ಪಾಲು ಈ ಸಾಲಿನಿಂದ ಬಂದದ್ದು. ಬೇಡಿ ಹಾಕಿಸಿಕೊಂಡವರಿಗೆ ಸಮಾಧಿ ಇಲ್ಲ, ಶಾಸನ ಇಲ್ಲ, ಹೆಸರಿಲ್ಲ. ಹೆಡೆಬಿ ಹತ್ತಿರ ಸಿಕ್ಕ ಸ್ಮಾರಕ ಕಲ್ಲುಗಳಲ್ಲಿ ಕೆಲವು, ನಮ್ಮ ವೀರಗಲ್ಲುಗಳಂತೆ, ಯುದ್ಧದಲ್ಲಿ ಸತ್ತವರಿಗೆ. ಒಂದರಲ್ಲಿ ಸ್ವೇನ್ ರಾಜನ ಸಂಗಡಿಗ ತೊರುಲ್ಫ್ ಎಂಬವನು, ಹೆಡೆಬಿಯ ಮುತ್ತಿಗೆಯಲ್ಲಿ ಸತ್ತ ತನ್ನ ಗೆಳೆಯ ಎರಿಕ್‌ಗಾಗಿ ಈ ಕಲ್ಲು ನೆಟ್ಟೆ, ಅವನು ಹಡಗಿನ ಚುಕ್ಕಾಣಿ ಹಿಡಿಯುವವನು, ಬಲು ಒಳ್ಳೆಯವನು ಅಂತ ಬರೆಸಿದ್ದಾನೆ. ಗೆಳೆಯನನ್ನು ಕಳೆದುಕೊಂಡ ದುಃಖ ನಿಜವಾದದ್ದೇ. ಮಾರಾಟವಾದವರಿಗಾಗಿಯೂ ಯಾರೋ ಎಲ್ಲೋ ಅಷ್ಟೇ ಅತ್ತಿರುತ್ತಾರೆ.

ಅಲ್ಲಿನ ಹೆಂಗಸರಿಗೆ ಸ್ವಾತಂತ್ರ್ಯ ಜಾಸ್ತಿ ಇತ್ತಂತೆ, ಗಂಡನನ್ನು ಬಿಡಬಹುದಿತ್ತಂತೆ, ನಿಜವೇ?
– ಗೃಹಿಣಿ, ಗುಡಿಬಂಡೆ

ಅಲ್-ತರ್ತೂಶಿ ಹಾಗೆ ಬರೆದಿದ್ದಾನೆ: ಬೇಕೆಂದಾಗ ಹೆಂಡತಿಯೇ ಗಂಡನನ್ನು ಬಿಡಬಹುದು. ಗಂಡಸರು, ಹೆಂಗಸರು ಇಬ್ಬರೂ ಕಣ್ಣಿಗೆ ಕಾಡಿಗೆಯಂಥದ್ದು ಹಚ್ಚುತ್ತಾರೆ ಅಂತಲೂ ಬರೆದಿದ್ದಾನೆ. ಅವರ ಹಾಡು ನಾಯಿ ಊಳಿಟ್ಟ ಹಾಗಿದೆ, ಅದಕ್ಕಿಂತಲೂ ಕೆಟ್ಟದು ಅಂತಲೂ ಬೈದಿದ್ದಾನೆ. ಸಾಕಲು ಖರ್ಚಾಗುತ್ತದೆ ಅಂತ ಹಸುಗೂಸುಗಳನ್ನು ಸಮುದ್ರಕ್ಕೆ ಎಸೆಯುತ್ತಾರೆ ಅಂತಲೂ ಬರೆದಿದ್ದಾನೆ. ಪರಊರಿನವನು ಕಂಡಷ್ಟು, ಕೇಳಿದಷ್ಟು ಬರೆದದ್ದು. ಪೂರ್ತಿ ನಂಬುವುದೂ ಬೇಡ, ತಳ್ಳಿಹಾಕುವುದೂ ಬೇಡ. ಹಾಡಿನ ವಿಷಯದಲ್ಲಂತೂ ನಾನು ಒಪ್ಪುವುದಿಲ್ಲ, ಯಾರ್ಕಿನಲ್ಲಿ ಮರದ ತುಂಡಿನಲ್ಲಿ ಕೊರೆದ ಒಂದು ಪುಟ್ಟ ಊದುವ ವಾದ್ಯ ಸಿಕ್ಕಿದೆ, ಇವತ್ತಿಗೂ ಊದಿದರೆ ಐದು ಸ್ವರ ಬರುತ್ತವೆ.

ಮನೆಯ, ಪೆಟ್ಟಿಗೆಯ ಬೀಗದ ಕೈ ಹೆಂಗಸರ ಹತ್ತಿರ ಇರುತ್ತಿತ್ತು. ಅವರ ಸಮಾಧಿಯಲ್ಲೂ ಇಟ್ಟಿದ್ದಾರೆ. ತಕ್ಕಡಿ, ಬಟ್ಟು ಇಟ್ಟು ಹೂಳಿದ ಹೆಂಗಸರೂ ಬಿರ್ಕಾದಲ್ಲಿದ್ದಾರೆ. ಹಾಗಾಗಿ ವ್ಯಾಪಾರದಲ್ಲೂ ಕೈಯಿತ್ತು ಅನ್ನಬಹುದು. ಇದು ಸ್ವತಂತ್ರರಾಗಿ ಹುಟ್ಟಿದವರ ಮಾತು. ಕೊಂಡು ತಂದ ಹೆಂಗಸಿಗೆ ಈ ಯಾವುದೂ ಇರಲಿಲ್ಲ.

ಕೆಲಸ ಮಾತ್ರ ಬೆಟ್ಟದಷ್ಟು. ವೈಕಿಂಗ್ ಹಡಗು ಅಂದಾಗ ನಮಗೆ ಗಂಡಸರು, ಹುಟ್ಟು, ಕೊಡಲಿ ನೆನಪಿಗೆ ಬರುತ್ತದೆ. ಆ ಹಡಗಿನ ಹಾಯಿ ಉಣ್ಣೆಯದು. ಕುರಿ ತುಪ್ಪಳ ತೆಗೆದು, ಬಾಚಿ, ಕದಿರಿನಲ್ಲಿ ನೂತು, ಗೋಡೆಗೆ ಒರಗಿಸಿದ ಮಗ್ಗದಲ್ಲಿ ನಿಂತೇ ನೇಯ್ದು, ಕೊಬ್ಬು ಬಳಿದು ಗಾಳಿ ನುಗ್ಗದ ಹಾಗೆ ಮಾಡಬೇಕು. ಈಗ ಅದೇ ರೀತಿಯಲ್ಲಿ ಹಾಯಿ ಮಾಡಿ ನೋಡಿದವರ ಪ್ರಕಾರ ದೊಡ್ಡ ಹಾಯಿಗೆ ಒಬ್ಬಳೇ ಕೂತರೆ ವರ್ಷಗಟ್ಟಲೆ ಕೆಲಸ. ನೂಲುವುದಕ್ಕೇ ಜಾಸ್ತಿ ಹೊತ್ತು ಹೋಗುತ್ತದೆ. ಹೆಡೆಬಿಯ ಮನೆಗಳಲ್ಲಿ ಕದಿರಿನ ಬಿಲ್ಲೆ, ಮಗ್ಗದ ಮಣ್ಣಿನ ಗುಂಡು ಲೆಕ್ಕವಿಲ್ಲದಷ್ಟು ಸಿಕ್ಕಿರುವುದಕ್ಕೆ ಇದೇ ಕಾರಣ.

ನಾನು 8ನೇ ಕ್ಲಾಸ್. ವೈಕಿಂಗರ ಹೆಲ್ಮೆಟ್ಟಿಗೆ ಕೊಂಬು ಇತ್ತಾ? ಅವರ ಮಕ್ಕಳು ಏನು ಆಟ ಆಡುತ್ತಿದ್ದರು?
– ವಿದ್ಯಾರ್ಥಿನಿ, ಗೌರಿಬಿದನೂರು

ಕೊಂಬು ಇರಲಿಲ್ಲ ಪುಟ್ಟಿ. 1876ರಲ್ಲಿ ಜರ್ಮನಿಯ ಒಂದು ದೊಡ್ಡ ಸಂಗೀತ ನಾಟಕದ ವೇಷಕ್ಕೆ ಕೊಂಬಿನ ಶಿರಸ್ತ್ರಾಣ ಮಾಡಿದರು, ಅಲ್ಲಿಂದ ಎಲ್ಲ ಕಡೆ ಹಬ್ಬಿತು. ನಿಜವಾದ ವೈಕಿಂಗ್ ಶಿರಸ್ತ್ರಾಣ ಬಹುಪಾಲು ಪೂರ್ತಿಯಾಗಿ ಸಿಕ್ಕಿದ್ದು ತೀರಾ ಕಮ್ಮಿ. ಹೆಸರಾದ ಒಂದು ಸಿಕ್ಕಿದ್ದು ನಾರ್ವೆಯ ಯೆರ್ಮುಂಡ್‌ಬುನಲ್ಲಿ, 1943ರಲ್ಲಿ. ಬರೀ ಗುಂಡನೆ ಟೋಪಿ, ಕಣ್ಣಿನ ಸುತ್ತ ಕನ್ನಡಕದ ಹಾಗೆ ಕಬ್ಬಿಣ.

ಮಕ್ಕಳಿಗೆ ಮರದ ಪುಟ್ಟ ದೋಣಿ, ಮರದ ಕತ್ತಿ ಮಾಡಿಕೊಡುತ್ತಿದ್ದರು, ಡಬ್ಲಿನ್ ಪೇಟೆಯಲ್ಲಿ ಅಂಥ ದೋಣಿ ಸಿಕ್ಕಿವೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದಾಗ ಕುದುರೆ, ದನದ ಕಾಲಿನ ಮೂಳೆಯ ಒಂದು ಮೈ ನುಣ್ಣಗೆ ಉಜ್ಜಿ, ಪಾದದ ಕೆಳಗೆ ಇಟ್ಟುಕೊಂಡು ಜಾರುತ್ತಿದ್ದರು. ಕಾಲು ಎತ್ತುವ ಹಾಗಿಲ್ಲ. ಕೈಯಲ್ಲಿ ಒಂದು ಚೂಪಾದ ಕೋಲು ಹಿಡಿದು ಮಂಜುಗಡ್ಡೆಗೆ ಒತ್ತಿ ಮುಂದಕ್ಕೆ ತಳ್ಳಿಕೊಳ್ಳಬೇಕು. ದೊಡ್ಡವರೂ ಹೀಗೇ ಓಡಾಡುತ್ತಿದ್ದರು.

ಅವರು ಗಲೀಜು ಜನ, ಸ್ನಾನ ಮಾಡುತ್ತಿರಲಿಲ್ಲ ಅಂತ ಒಬ್ಬರು ವಾದ ಮಾಡಿದರು. ನಿಜವೇ?
– ಓದುಗರು, ಚಿಕ್ಕಬಳ್ಳಾಪುರ

ಮೈ ಚೊಕ್ಕವಾಗಿ ಇಟ್ಟುಕೊಳ್ಳುತ್ತಿದ್ದರು. ಊರು ಗಲೀಜಾಗಿತ್ತು. ಎರಡೂ ಸರಿ.

ಮೊದಲು ಮೈ. ಇಂಗ್ಲೆಂಡಿನ 13ನೇ ಶತಮಾನದ ಒಂದು ಚರಿತ್ರೆಯಲ್ಲಿ ದೂರು ಇದೆ: ಈ ಡೇನರು ದಿನಾ ತಲೆ ಬಾಚುತ್ತಾರೆ, ಶನಿವಾರ ಶನಿವಾರ ಸ್ನಾನ ಮಾಡುತ್ತಾರೆ, ಬಟ್ಟೆ ಬದಲಿಸುತ್ತಾರೆ, ಹಾಗಾಗಿ ನಮ್ಮ ಹೆಣ್ಣುಮಕ್ಕಳು ಅವರ ಕಡೆ ಒಲಿಯುತ್ತಾರೆ ಅಂತ. ಬಾಚಣಿಗೆ ಗಂಡಸು, ಹೆಂಗಸು ಎಲ್ಲರ ಸಮಾಧಿಯಲ್ಲೂ ಸಿಗುತ್ತದೆ.

ಬಾಚಣಿಗೆ ಮಾಡುವುದನ್ನು ಸ್ವಲ್ಪ ಹೇಳುತ್ತೇನೆ, ಹೆಡೆಬಿಯ ದೊಡ್ಡ ಕಸುಬು ಅದು. ಕಾಡಿನಲ್ಲಿ ಗಂಡು ಜಿಂಕೆ ವರ್ಷಕ್ಕೊಮ್ಮೆ ಕೊಂಬು ಉದುರಿಸುತ್ತದೆ. ಹಳ್ಳಿಯವರು ಅದನ್ನು ಆರಿಸಿ ತಂದು ಪೇಟೆಯಲ್ಲಿ ಮಾರುತ್ತಿದ್ದರು. ಕೊಂಬು ಉದ್ದಕ್ಕೆ ಗಟ್ಟಿ, ಅಡ್ಡಕ್ಕೆ ಮುರಿಯುತ್ತದೆ. ಹಾಗಾಗಿ ಒಂದೇ ತುಂಡಿನಲ್ಲಿ ಉದ್ದನೆ ಬಾಚಣಿಗೆ ಮಾಡಿದರೆ ಹಲ್ಲು ನಿಲ್ಲುವುದಿಲ್ಲ. ಎಳೆ ಹಲ್ಲಿನ ಉದ್ದಕ್ಕೆ ಬರುವ ಹಾಗೆ ಸಣ್ಣ ಸಣ್ಣ ಬಿಲ್ಲೆ ಕತ್ತರಿಸಿ, ಪಕ್ಕ ಪಕ್ಕ ಜೋಡಿಸಿ, ಮೇಲ್ಭಾಗದಲ್ಲಿ ಆ ಕಡೆ ಈ ಕಡೆ ಒಂದೊಂದು ಉದ್ದ ಪಟ್ಟಿ ಇಟ್ಟು ರಿವೆಟ್ ಹೊಡೆಯುತ್ತಿದ್ದರು. ಹಲ್ಲು ಕುಯ್ಯುವುದು ಇಷ್ಟೆಲ್ಲ ಆದ ಮೇಲೆ. ಗರಗಸ ಸ್ವಲ್ಪ ಮೇಲೆ ಹೋಗಿ ಪಟ್ಟಿಯ ಅಂಚಿನಲ್ಲೂ ಗೀರು ಬಿದ್ದಿರುತ್ತದೆ, ಅದರಿಂದಲೇ ಈ ಕ್ರಮ ಗೊತ್ತಾಗಿದ್ದು. ಹೆಡೆಬಿಯಲ್ಲಿ ಹೀಗೆ ಕತ್ತರಿಸಿ ಎಸೆದ ಕೊಂಬಿನ ಚೂರೇ ಎರಡು ಲಕ್ಷಕ್ಕಿಂತ ಜಾಸ್ತಿ ಸಿಕ್ಕಿದೆ.

ಇನ್ನು ಊರು. ಮನೆಗಳು ಒತ್ತೊತ್ತು. 870ರಲ್ಲಿ ಕಟ್ಟಿದ ಒಂದು ಮನೆಯ ಅಳತೆ ಸುಮಾರು 12 ಮೀಟರ್ ಉದ್ದ, 5 ಮೀಟರ್ ಅಗಲ. ಇಸವಿ ಇಷ್ಟು ಖಚಿತವಾಗಿ ಗೊತ್ತಾದದ್ದು ಮರದ ತೊಲೆಯ ಒಳಗಿನ ವರ್ಷದ ಉಂಗುರಗಳನ್ನು ಎಣಿಸಿ, ಬೇರೆ ಮರಗಳ ಉಂಗುರಕ್ಕೆ ಹೋಲಿಸಿ. ನಡುವೆ ಒಲೆ, ಚಿಮಣಿ ಇಲ್ಲ, ಹೊಗೆ ಒಳಗೇ. ಹಿತ್ತಲಿನಲ್ಲಿ ಬಾವಿ, ತಿಪ್ಪೆ, ಕಕ್ಕಸು ಗುಂಡಿ. ಯಾರ್ಕಿನಲ್ಲಿ 1976ರಿಂದ 1981ರವರೆಗೆ ಕಾಪರ್‌ಗೇಟ್ ಬೀದಿಯನ್ನು ಅಗೆದಾಗ ಇಂಥ ಗುಂಡಿಗಳು ಸಾಲಾಗಿ ಸಿಕ್ಕವು. ಒರೆಸಿಕೊಳ್ಳಲು ಪಾಚಿ ಬಳಸುತ್ತಿದ್ದರು ಅಂತ ಗೊತ್ತಾಯಿತು. ಮಲದಲ್ಲಿ ಹೊಟ್ಟೆಹುಳುವಿನ ಮೊಟ್ಟೆ ತುಂಬಿತ್ತು. ಅದೇ ಊರಲ್ಲಿ 1972ರಲ್ಲಿ ಒಬ್ಬ ವೈಕಿಂಗನ ಗಟ್ಟಿಯಾದ ಮಲ 20 ಸೆಂಟಿಮೀಟರ್ ಉದ್ದದ್ದು ಇಡಿಯಾಗಿ ಸಿಕ್ಕಿ, ಈಗ ಮ್ಯೂಸಿಯಂನಲ್ಲಿದೆ. ಅವನು ಮಾಂಸ, ರೊಟ್ಟಿ ತಿಂದಿದ್ದ, ಸೊಪ್ಪು ತರಕಾರಿ ಕಮ್ಮಿ, ಹೊಟ್ಟೆಯಲ್ಲಿ ಹುಳು ಬೇಕಾದಷ್ಟು. ಪಾಪ, ಹೊಟ್ಟೆನೋವು ಅನುಭವಿಸಿರಬೇಕು. ಬಾವಿ ಪಕ್ಕದಲ್ಲೇ ಗುಂಡಿ ಇದ್ದರೆ ಮಕ್ಕಳ ಗತಿ ಏನಾಗಿತ್ತು ಅಂತ ಯೋಚಿಸಿ.

ಇಷ್ಟು ಒಳ್ಳೆ ಜಾಗದ ಊರು ಯಾಕೆ ಹಾಳಾಯಿತು?
– ಓದುಗರು, ಚೇಳೂರು

1050ರಲ್ಲಿ ನಾರ್ವೆಯ ರಾಜ ಹಾರಾಲ್ಡ್ ಸುಟ್ಟ. 1066ರಲ್ಲಿ ಸ್ಲಾವರು ಲೂಟಿ ಮಾಡಿದರು. ಜನ ನೀರಿನ ಆಚೆ ದಡದ ಶ್ಲೆಸ್‌ವಿಗ್‌ಗೆ ಹೋಗಿ ನೆಲೆಸಿದರು, ಆ ಊರು ಈಗಲೂ ಇದೆ. ಬಿರ್ಕಾದ ಸುತ್ತಲಿನ ನೀರು ಆಗ ಸಮುದ್ರದ ಭಾಗವಾಗಿತ್ತು. ಅಲ್ಲಿ ನೆಲವೇ ಮೆಲ್ಲಗೆ ಮೇಲೇಳುತ್ತಿರುವುದರಿಂದ ಈಗ ಅದು ಸರೋವರ.

ನಾನು ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಇಂಥ ಉತ್ಖನನದ ಕೆಲಸ ಮಾಡಬೇಕು ಅಂತ ಆಸೆ. ಆದರೆ ಇತಿಹಾಸ ಓದಿದವರಿಗೆ ಮಾತ್ರ ಅಂತಾರೆ.
– ವಿದ್ಯಾರ್ಥಿ, ಶಿಡ್ಲಘಟ್ಟ

ನೋಡಪ್ಪಾ, ಮೇಲಿನ ಉತ್ತರಗಳನ್ನೇ ಇನ್ನೊಂದು ಸಲ ಓದು. ಮೀನಿನ ಡಿಎನ್ಎ ನೋಡಿದವರು ಜೀವವಿಜ್ಞಾನದವರು. ತೊಲೆಯ ಉಂಗುರ ಎಣಿಸಿದವರಿಗೆ ಮರ ಗೊತ್ತು. ಹುಳುವಿನ ಮೊಟ್ಟೆ ಗುರುತಿಸಿದವರಿಗೆ ಸೂಕ್ಷ್ಮದರ್ಶಕ ಗೊತ್ತು. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ ಓದಿದವರು ಇಲ್ಲದೆ ಈಗ ಒಂದು ಉತ್ಖನನವೂ ನಡೆಯುವುದಿಲ್ಲ. ಹೆಡೆಬಿಯ ಗೋಡೆಯೊಳಗಿನ ಜಾಗ ಸುಮಾರು 24 ಹೆಕ್ಟೇರ್, ಅದರಲ್ಲಿ ಅಗೆದದ್ದು ನೂರಕ್ಕೆ ಐದು ಭಾಗದಷ್ಟು ಮಾತ್ರ. ನಮ್ಮ ಕಡೆಯೂ ಹಳೆ ಊರಿನ ದಿಬ್ಬಗಳಿಗೆ ಕೊರತೆಯಿಲ್ಲ, ನೋಡುವ ಕಣ್ಣು ಸಾಲದು.

ಮೊದಲು ಬಿಎಸ್ಸಿ ಮುಗಿಸು. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ವಿಭಾಗ ಇದೆ, ಪುಣೆಯಲ್ಲಿ ಡೆಕ್ಕನ್ ಕಾಲೇಜು ಇದೆ. ಎರಡೂ ಕಡೆ ಪ್ರವೇಶಕ್ಕೆ ಏನು ಬೇಕು ಅಂತ ಈಗಲೇ ವಿಚಾರಿಸಿ ಇಟ್ಟುಕೋ. ಅಲ್ಲಿಯವರೆಗೆ ಭಾನುವಾರ ಸೈಕಲ್ ಹತ್ತಿ ನಿಮ್ಮ ಸುತ್ತಲಿನ ಊರುಗಳ ವೀರಗಲ್ಲುಗಳನ್ನು ನೋಡಿ ಬಾ. ಎಲ್ಲಿದೆ, ಎಷ್ಟು ಎತ್ತರ, ಏನು ಕೆತ್ತಿದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ಅಳತೆಗೆ ಸ್ಕೇಲ್ ಇಟ್ಟು ಫೋಟೋ ತೆಗಿ. ಕಲ್ಲಿನ ಮೇಲೆ ಸುಣ್ಣ, ಬಣ್ಣ ಇದ್ದರೆ ನೀನೇ ಕೆರೆಯಲು ಹೋಗಬೇಡ. ಬರೆದದ್ದನ್ನು ನನಗೆ ಕಳಿಸು, ಕೂತು ಓದುತ್ತೇನೆ.